ಎಂಟು ಮಂದಿ ತಜ್ಞರು

ಎಂಟು ಕುರ್ಚಿಗಳ ಮೇಲೆ ಎಂಟು ಜನ ಕೂತಿದ್ದರು, ಎಂಟರಲ್ಲಿ ಒಬ್ಬರ ಹೆಸರೂ ಸುಮಂಗಲಾಳಿಗೆ ಗೊತ್ತಿರಲಿಲ್ಲ. ಇವರೆಲ್ಲ ತನ್ನ ಕಂಪನಿಯ ನೌಕರರು ಎಂದು ಇನ್ನು ಅರ್ಧ ತಾಸಿನಲ್ಲಿ ಅವಳು ಬೆಂಗಳೂರಿನಿಂದ ಬರುವವರಿಗೆ ಹೇಳಬೇಕಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಯಾಸೀನ ಸ್ಟೇಷನ್ ರಸ್ತೆಯ ಆಚೆ ಬದಿಯಲ್ಲಿದ್ದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಅವರನ್ನು ಕರೆತಂದು, ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ತೊಡಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಲ್ಯಾಪ್‌ಟಾಪ್ ತೆರೆದಿಟ್ಟಿದ್ದ. ಅವುಗಳಲ್ಲಿ ಮೂರು ಆನ್ ಆಗುತ್ತಲೇ ಇರಲಿಲ್ಲ. ಆ ಮೂವರಿಗೆ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕೂತಿರಿ, ಏಳಬೇಡಿ ಎಂದು ಹೇಳಿದ್ದಾಗಿತ್ತು. ಯಾಸೀನನೆಂದರೆ ಕಂಪನಿಯ ಅರ್ಧ, ಉಳಿದರ್ಧ ಸುಮಂಗಲಾ. ಪ್ರೋಗ್ರಾಮೆಲ್ಲ ಬರೆದವನು ಅವನೇ. ಆದರೆ ಇವತ್ತು ಅವನ ಮುಖದಲ್ಲಿದ್ದ ಉತ್ಸಾಹ ನಾಟಕದ ಮೇಳದವನದು. "ಅಕ್ಕಾರ, ನೋಡ್ರಿ, ಥೇಟ್ ಬೆಂಗಳೂರ ಆಫೀಸ್ ಆಗೇತಿ," ಎಂದ. ಸುಮಂಗಲಾ ನೋಡಿದಳು. ಕಿಟಕಿಯ ಹತ್ತಿರ ಕೂತ ಹುಡುಗಿ ಆನ್ ಆಗದ ಲ್ಯಾಪ್‌ಟಾಪಿನ ಮೇಲೆ ಭಕ್ತಿಯಿಂದ ಬೆರಳಾಡಿಸುತ್ತಿದ್ದಳು. ಅವಳ ಶ್ರದ್ಧೆ ಕಂಡು ಸುಮಂಗಲಾಳಿಗೆ ನಗು ಬಂತು.

ನಿಜವಾದ ಎಂಟು ಮಂದಿ ಹೆಂಗಸರಿಗೆ ಅವಳು ಬರಬೇಡಿರೆಂದಿದ್ದಳು. ಅವರು ಈ ಕುರ್ಚಿಗಳ ಮೇಲೆ ಒಂದು ದಿನವೂ ಕೂತವರಲ್ಲ. ಮೊದಲ ದಿನ ಕಾಲು ಮೇಲೆ ಮಡಚಿಟ್ಟು ಹತ್ತು ನಿಮಿಷ ಕೂತು ನೋಡಿ, ಇದರ ಮೇಲೆ ಮನುಷ್ಯರು ದಿನಗಟ್ಟಲೆ ಹೇಗೆ ಕೂರುತ್ತಾರೋ ಎಂದು ಮರುಗಿ, ಕೆಳಗೆ ಜಮಖಾನೆ ಹಾಸಿಕೊಂಡಿದ್ದರು. ವಾರಕ್ಕೆ ಮೂರು ದಿನ ತಮ್ಮೂರು ಹೊನವಾಡದ ಬಸ್ಸಿಗೆ ಬಂದು, ಗೋಡೆಗೊರಗಿ, ಟ್ಯಾಬಿನಲ್ಲಿ ಒಣದ್ರಾಕ್ಷಿಯ ಫೋಟೋಗಳನ್ನು ಒಂದೊಂದಾಗಿ ನೋಡಿ ಇದು ಇಂಥಾ ಮಾಲು ಎಂದು ಒತ್ತುವುದು ಅವರ ಕೆಲಸ. ಅವರು ಒತ್ತಿದ್ದನ್ನು ನೋಡಿ ನೋಡಿ ಯಂತ್ರ ಕಲಿಯುತ್ತಿತ್ತು. ಈಗ ರೈತನೊಬ್ಬ ಒಂದು ತಟ್ಟೆ ಒಣದ್ರಾಕ್ಷಿಯನ್ನು ಫೋನಿನ ಕ್ಯಾಮೆರಾದ ಎದುರು ಹಿಡಿದರೆ ಸಾಕು, ಅದು ಯಾವ ದರ್ಜೆಯದೆಂದು ಫೋನೇ ಹೇಳುತ್ತದೆ. ವ್ಯಾಪಾರಿ ಹೇಳಿದ್ದನ್ನೇ ನಂಬಿಕೊಂಡು ಬರಬೇಕಾಗಿಲ್ಲ. ಯಾಸೀನ ಮೊದಲು ದರ್ಜೆಗಳಿಗೆ ಇಂಗ್ಲಿಷಿನ ಎ, ಬಿ, ಸಿ, ಡಿ ಎಂದು ಇಟ್ಟಿದ್ದ. ಹೆಂಗಸರಿಗೆ ಅದು ನೆನಪೂ ಉಳಿಯಲಿಲ್ಲ, ಅದರ ಮೇಲೆ ಗೌರವವೂ ಹುಟ್ಟಲಿಲ್ಲ. ತಾವೇ ಬೇರೆ ಹೆಸರಿಟ್ಟರು. ಬೀಗರು ಬಂದಾಗ ಮುಂದಿಡುವಂಥದ್ದು ಬೀಗರ ಮಾಲು, ಅದಕ್ಕಿಂತ ಕಡಿಮೆಯದು ಪ್ಯಾಟಿ ಮಾಲು, ಆಮೇಲೆ ಮನಿ ಮಾಲು, ಕೊನೆಯದು ದನದ ಮಾಲು. ನಾಲ್ಕೂ ಹೆಸರು ಫೋನಿನೊಳಗೆ ಸೇರಿದ್ದಷ್ಟೇ ಅಲ್ಲ, ಅವನ್ನು ಹೇಳುವ ದನಿ ಪರಸವ್ವನದು. ಪರಸವ್ವ ಎಂದರೆ ಆ ಎಂಟರಲ್ಲಿ ಒಬ್ಬಳು, ಸುಮಂಗಲಾಳ ತಾಯಿ. ನಿನ್ನೆ ಸಂಜೆ ಕೂತು ಯಾಸೀನ ಆ ದನಿಯನ್ನು ತೆಗೆದು ಎಲ್ಲಿಂದಲೋ ಒಂದು ಇಂಗ್ಲಿಷ್ ಹೆಣ್ಣುದನಿ ತಂದು ಹಾಕಿದ್ದ, ಹಾಕುವಾಗ ಸುಮಂಗಲಾ ಪಕ್ಕದಲ್ಲೇ ನಿಂತಿದ್ದಳು.

ಸುಳ್ಳು ಎನ್ನುವಂಥ ಸುಳ್ಳೇನೂ ಅವಳು ಬರೆದಿರಲಿಲ್ಲ. ಬೆಂಗಳೂರಿನ ಹೂಡಿಕೆ ಸಂಸ್ಥೆ ಕಳಿಸಿದ ಅರ್ಜಿಯಲ್ಲಿ ತಂಡದ ವಿವರ ಕೇಳಿದ್ದರು, ಅವಳು 'ಡೇಟಾ ತಜ್ಞರು: ಎಂಟು' ಎಂದು ಬರೆದಿದ್ದಳು. ಎಂಟು ನಿಜ. ತಜ್ಞರು ಎನ್ನುವುದೂ ನಿಜ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂತು ಆರಿಸಿದವರಿಗಿಂತ ದೊಡ್ಡ ತಜ್ಞರು ಎಲ್ಲಿಂದ ಬರಬೇಕು? ಆದರೆ ಆ ಎರಡು ಪದ ಓದಿದವರ ಕಣ್ಣೆದುರು ಯಾವ ಚಿತ್ರ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಬರೆದಿದ್ದಳು. ಹದಿನಾಲ್ಕನೆಯ ಪ್ರಶ್ನೆಯಂತೂ ಎರಡು ದಿನ ಅವಳನ್ನು ಅರೆದಿತ್ತು. 'ನಿಮ್ಮ ನವೋದ್ಯಮಕ್ಕೆ ಈ ನಗರವೇ ಏಕೆ?' ಈ ನಗರವೇ ಏಕೆ ಅಂದರೆ ಇದೇ ನನ್ನ ನಗರ ಎನ್ನುವುದು ಉತ್ತರವಾಗುವುದಿಲ್ಲವಲ್ಲ. ಬೇರೆ ಊರಿನವರು ತಂತಮ್ಮ ಊರಿನ ಬಗ್ಗೆ ಬರೆದುಕೊಂಡದ್ದನ್ನೆಲ್ಲ ಓದಿ, ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಎತ್ತಿ, ಅಗ್ಗದ ಬಾಡಿಗೆ, ಎಂಜಿನಿಯರಿಂಗ್ ಕಾಲೇಜು, ರೈಲು, ಇವತ್ತಲ್ಲ ನಾಳೆ ಹಾರಲಿರುವ ವಿಮಾನ ಎಂದು ಸೇರಿಸಿದ್ದಳು. ವಿಜಯಪುರ ಅನ್ನುವ ಹೆಸರು ತೆಗೆದು ಯಾವ ಊರಿನ ಹೆಸರು ಹಾಕಿದರೂ ಒಪ್ಪುವಂಥ ಉತ್ತರ. ಅದನ್ನು ಮೆಚ್ಚಿಯೇ ಅವರು ನೋಡಲು ಬರುತ್ತಿದ್ದರು. ಅವರು ಹೂಂ ಎಂದರೆ ಕಂಪನಿ ಉಳಿಯುತ್ತದೆ. ಇಲ್ಲವೆಂದರೆ ತಿಂಗಳ ಕೊನೆಗೆ ಈ ಕೋಣೆಗೆ ಬೀಗ, ಯಾಸೀನ ಅಣ್ಣನ ಮೊಬೈಲ್ ಅಂಗಡಿಗೆ, ಅವಳು ಮೊದಲು ಕೆಲಸಕ್ಕಿದ್ದ ಕಾಲೇಜಿನ ಲ್ಯಾಬಿಗೆ, ಮತ್ತೆ ಅದೇ ಸ್ಟೂಲಿನ ಮೇಲೆ.

ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಬಂದೇಬಿಟ್ಟರೆಂದು ಸುಮಂಗಲಾ ಬಾಗಿಲಿಗೆ ಓಡಿದಳು. ಬಂದದ್ದು ಕೆಳಗಿನ ಪಂಪ್ ಸಾಮಾನಿನ ಅಂಗಡಿಯ ಖಂಡಪ್ಪ. ಈ ಕೋಣೆಯ ಮಾಲೀಕನೂ ಅವನೇ. ಒಂದು ಕಂಕುಳಲ್ಲಿ ಟೇಬಲ್ ಫ್ಯಾನು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ.

"ಇದನ್ನ ಅಲ್ಲಿಡು, ಅದನ್ನ ಇಲ್ಲಿಡು," ಎಂದು ಯಾರಿಗೂ ಹೇಳದೆ ತಾನೇ ಇಟ್ಟ. "ಬಾಜೂ ಬ್ಯಾಂಗಲ್ ಸ್ಟೋರಿನವ್ರು ಸೋಫಾದ ಕವರ್ ಕೊಡ್ತೀನಂದಾರ."

"ಕಾಕಾ, ನಮ್ಮಲ್ಲಿ ಸೋಫಾ ಎಲ್ಲೈತ್ರಿ?"

"ಸೋಫಾನೂ ಕೊಡ್ತಾರ. ನಾಕ್ ಮಂದಿ ಎತ್ತಬೇಕ ಅಷ್ಟ." ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ತಂಗಿ, ಜೀನ್ಸ್ ಹಾಕ್ಕೊಂಡೇ ಕುಂಡ್ರಾಕಿಯೇನ? ಕನ್ಯಾ ನೋಡಾಕ ಬರಾಕತ್ತಾರ, ಒಂದ ಸೀರಿನರ ಉಟ್ಕೋಬಾರದ?"

"ಕನ್ಯಾ ಅಲ್ರಿ ಕಾಕಾ, ಕಂಪನಿ ನೋಡಾಕ."

"ಎಲ್ಲಾ ಒಂದ ಬಿಡವಾ. ಬೆಂಗಳೂರಿಂದ ರೊಕ್ಕಸ್ಥರು ಬಂದು ನಮ್ಮ ಕೂಸನ್ನ ನೋಡಿ ಚಲೋ ಐತಿ, ಕೆಟ್ಟ ಐತಿ ಅಂತ ಹೇಳಾವ್ರು. ನಾವು ಕೆಳಗ ಕೈ ಕಟ್ಟಕೊಂಡ ನಿಂದ್ರಾವ್ರು. ಮತ್ತ ಬ್ಯಾರೇ ಏನ ಐತಿ ಇದರಾಗ?"

ಅವನು ತಮಾಷೆಗೆ ಹೇಳಿರಲಿಲ್ಲ, ಅದೇ ತೊಂದರೆ. ಬೆಳಗಿನಿಂದ ಬೀದಿಯ ಜನವೆಲ್ಲ ಹಾಗೇ ನಡೆದುಕೊಳ್ಳುತ್ತಿದ್ದರು. ಎದುರಿನ ಹಣ್ಣಿನ ಗಾಡಿಯವನು ಇವತ್ತೊಂದು ದಿನ ಗಾಡಿಯನ್ನು ಹತ್ತು ಮಾರು ಆಚೆ ನಿಲ್ಲಿಸಿದ್ದ. ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಪೈಪುಗಳು ಮಾಯವಾಗಿದ್ದವು. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಸುಮಂಗಲಾಳಿಗೆ ಕಣ್ಣು ತುಂಬಿ ಬಂದಿತ್ತು, ಸಿಟ್ಟೂ ಬಂದಿತ್ತು, ಎರಡರಲ್ಲಿ ಯಾವುದನ್ನು ತೋರಿಸಬೇಕೆಂದು ತಿಳಿಯದೆ ಜಮಖಾನೆಯನ್ನು ಸುತ್ತಿ ನೀರಿನ ಫಿಲ್ಟರಿನ ಹಿಂದೆ ತುರುಕಿದಳು. ಅದು ಪೂರ್ತಿ ಮರೆಯಾಗಲಿಲ್ಲ. ಕಾಲಿನಿಂದ ಒತ್ತಿದಳು. ಒತ್ತುವಾಗ ಅದರೊಳಗಿನಿಂದ ಶೆಡ್ಡಿನ ವಾಸನೆ ಬಂತು, ಒಣಗಿದ ದ್ರಾಕ್ಷಿಯ ಸಿಹಿ, ಎಣ್ಣೆಯ ಕಮಟು, ಬಸ್ಸಿನ ಧೂಳು. ಗಂಡಿನ ಕಡೆಯವರು ಅವಳನ್ನು ನೋಡಲು ಬಂದ ದಿನ ಹೊನವಾಡದ ಮನೆಯ ನಡುಮನೆಯಲ್ಲೂ ಇದೇ ವಾಸನೆಯಿತ್ತು, ಊದುಬತ್ತಿ ಹಚ್ಚಿ ಅದನ್ನು ಓಡಿಸಲು ನೋಡಿದ್ದರು. ಇಂಡಿ ಕಡೆಯ ಬ್ಯಾಂಕಿನ ಗುಮಾಸ್ತ, ಅವನ ಅಣ್ಣ, ಅತ್ತಿಗೆ, ಒಬ್ಬ ಹಿರಿಯ. ಮಣೆಯ ಮೇಲೆ ಅವಳು. ಹಿರಿಯ ಒಂದು ಕಾಗದ ಮುಂದಿಟ್ಟು ಹೆಸರು ಬರೆಯವಾ ಎಂದ. ಎಂಜಿನಿಯರಿಂಗ್ ಮುಗಿಸಿದವಳು ಅವಳು, ಬರೆದಳು. ಅಕ್ಷರ ಚೆನ್ನಾಗಿವೆ ಎಂದು ಅವರು ಕಾಗದವನ್ನು ಕೈಯಿಂದ ಕೈಗೆ ದಾಟಿಸಿದರು. ಅಷ್ಟರಲ್ಲಿ ಆ ಅತ್ತಿಗೆ ಕೇಳಿದಳು, ಇವರ ತಾಯಿಯವರು ಕಾಣಲಿಲ್ಲವಲ್ಲ? ಅಪ್ಪ ಅಂಬಾದಾಸ ಟಿಕೋಟಾದ ದನದ ದವಾಖಾನೆಯಲ್ಲಿ ಸಿಪಾಯಿ, ಯಾರೆದುರೂ ಸುಳ್ಳು ಹೇಳಿದವನಲ್ಲ. ಅವತ್ತು ಮಾತ್ರ "ಅಕಿಗಿ ಆರಾಮಿಲ್ರಿ, ಒಳಗ ಮಲಗ್ಯಾಳ" ಎಂದುಬಿಟ್ಟ. ಅವ್ವ ಆರಾಮಾಗಿಯೇ ಇದ್ದಳು. ಒಣಗಿಸುವ ಮೊದಲು ದ್ರಾಕ್ಷಿಯನ್ನು ಅದ್ದುವ ಕಾಲ, ಕ್ಷಾರದ ಪುಡಿ ಕರಗಿಸಿದ ನೀರಿಗೆ ಅವಳ ಎರಡೂ ಕೈ ಬಿರಿದು ಕಪ್ಪಾಗಿದ್ದವು, ಉಗುರಿನ ಸಂದಿ ಎಷ್ಟು ತಿಕ್ಕಿದರೂ ಬಿಳಿಯಾಗಿರಲಿಲ್ಲ. ಅಂಥ ಕೈಯಲ್ಲಿ ತಟ್ಟೆ ಹಿಡಿದು ಹೊರಗೆ ಬರುವುದು ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳೇ ಒಳಗುಳಿದಿದ್ದಳು. ಸುಮಂಗಲಾ ತಲೆ ತಗ್ಗಿಸಿ ಕೂತಲ್ಲೇ ಸಮಾಧಾನದ ಉಸಿರು ಬಿಟ್ಟಿದ್ದಳು. ಆ ಉಸಿರು ಅವಳಿಗೆ ಇವತ್ತಿಗೂ ನೆನಪಿದೆ, ಬ್ಯಾಂಕಿನ ಗುಮಾಸ್ತನ ಮುಖ ನೆನಪಿಲ್ಲ. ಅವರು ಮತ್ತೆ ಬರಲಿಲ್ಲ. ಅವ್ವ ರಾತ್ರಿ ಊಟಕ್ಕೆ ಬಡಿಸುತ್ತ ನಕ್ಕಿದ್ದಳು, "ನಿಮ್ಮಪ್ಪ ಮಲಗ್ಯಾಳ ಅಂದ್ನೆಲಾ, ಖರೇನ ಮಲಗಿಬಿಟ್ಟೆ ನೋಡು. ಇಪ್ಪತ್ತ ವರ್ಷದಾಗ ಅಂಥಾ ನಿದ್ದಿ ಮಾಡಿದ್ದಿಲ್ಲ."

ನಿನ್ನೆ ಫೋನಿನಲ್ಲೂ ಅವ್ವ ಜಗಳವಾಡಲಿಲ್ಲ. "ಯವ್ವಾ, ನಾಳಿಗಿ ನೀವ್ಯಾರೂ ಬರಬ್ಯಾಡ್ರಿ. ಬೆಂಗಳೂರಿಂದ ನೋಡಾಕ ಬರಾಕತ್ತಾರ," ಎಂದಿದ್ದಳು ಸುಮಂಗಲಾ. ಆ ಕಡೆ ಕುರಿಗಳ ಸದ್ದಿನ ನಡುವೆ ಅವ್ವ ಕೇಳಿದಳು, "ನೋಡಾಕ ಬರೂದಿನಾನ ನಾವು ಇರಬಾರದೇನ?" "ಜಾಗಾ ಸಾಲೂದಿಲ್ಲ ಬೇ." "ಆತ ಬಿಡವಾ," ಎಂದಿದ್ದಳು ಅವ್ವ, ಎಷ್ಟು ಹಗುರವಾಗಿ ಎಂದರೆ, ಸುಮಂಗಲಾ ಫೋನಿಟ್ಟ ಮೇಲೆ ಸಾಲದ ಜಾಗವನ್ನು ಒಮ್ಮೆ ಸುತ್ತಿ ಬಂದಿದ್ದಳು. ಮೂವತ್ತು ಜನ ಕೂರಬಹುದಾಗಿತ್ತು.

ಹೂಡಿಕೆ ಸಂಸ್ಥೆಯ ಗೀತಾಂಜಲಿ ಹನ್ನೊಂದೂಕಾಲಿಗೆ ಬಂದರು. ಒಬ್ಬರೇ, ಆಟೋದಲ್ಲಿ. ಸುಮಂಗಲಾ ನಾಲ್ಕು ಜನರನ್ನು, ಒಂದು ದೊಡ್ಡ ಕಾರನ್ನು ಎದುರುನೋಡಿದ್ದಳು. ಬಂದವರು ಐವತ್ತು ದಾಟಿದ, ಚಪ್ಪಲಿ ಸವೆದ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದ ಹೆಂಗಸು. ಖಂಡಪ್ಪ ಕೆಳಗೆ ಅವರಿಗೆ ಕೈ ಮುಗಿದು "ದಾರ್ಯಾಗ ತ್ರಾಸ ಆಗಲಿಲ್ಲಲ್ರಿ?" ಎಂದು ಕೇಳಿ, ಕೈಕಾಲು ತೊಳೆಯಲು ನೀರು ಕೊಡಲು ಹೋದದ್ದು ಮೇಲಕ್ಕೂ ಕೇಳಿಸಿತು. ಸುಮಂಗಲಾ ಕಣ್ಣು ಮುಚ್ಚಿಕೊಂಡಳು. ಗೀತಾಂಜಲಿ ನಿಜವಾಗಿಯೂ ಕೈಕಾಲು ತೊಳೆದುಕೊಂಡೇ ಮೇಲೆ ಬಂದರು, ಹೊಸ್ತಿಲಲ್ಲಿ ಅವರ ಒದ್ದೆ ಪಾದದ ಗುರುತು ಮೂಡಿತು. ಅವರ ಕನ್ನಡ ಮೈಸೂರಿನ ಕಡೆಯದು. ಸುಮಂಗಲಾ ತನಗೆ ಗೊತ್ತಿಲ್ಲದಂತೆಯೇ ತನ್ನ ಮಾತಿನ ಮೂಲೆಗಳನ್ನೆಲ್ಲ ಅವರ ಮಾತಿನಂತೆ ಉಜ್ಜಿ ನಯ ಮಾಡಿಕೊಂಡಳು.

"ಇದು ನಮ್ಮ ಡೇಟಾ ತಂಡ, ಮೇಡಂ."

ಎಂಟು ಜನ ಒಟ್ಟಿಗೆ ಎದ್ದು ನಿಂತು, ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ಎನ್ನುವಂತೆ, "ಗುಡ್ ಮಾರ್ನಿಂಗ್ ಮೇಡಂ" ಎಂದರು. ಯಾಸೀನ ಕಣ್ಸನ್ನೆಯಿಂದ ಕೂರಿಸಿದ. ಗೀತಾಂಜಲಿ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ಅಲ್ಲಿಷ್ಟು ಇಲ್ಲಿಷ್ಟು ಕೇಳಿದರು, ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಹತ್ತು ನಿಮಿಷ ಎಲ್ಲವೂ ಸುಸೂತ್ರವಾಗಿ ನಡೆಯಿತು, ಇಷ್ಟೇಯೇನು, ಇಷ್ಟಕ್ಕೇ ಹೆದರಿದ್ದೆನೇ ಎಂದು ಸುಮಂಗಲಾಳಿಗೆ ಅನ್ನಿಸತೊಡಗಿತು. ಆಗ ಅವರು ಬಟ್ಟೆ ಚೀಲದಿಂದ ಒಂದು ಪೊಟ್ಟಣ ತೆಗೆದರು. ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ಕೊಂಡಿದ್ದಂತೆ, ಎಲ್ಲ ಬಗೆಯದೂ ಕಲೆಸಿದ ಒಣದ್ರಾಕ್ಷಿ. ಅದನ್ನು ಸ್ಟೀಲಿನ ತಟ್ಟೆಗೆ ಸುರಿದು, "ನಿಮ್ಮ ತಜ್ಞರು ಇದನ್ನು ನಾಲ್ಕು ದರ್ಜೆಗೆ ಬೇರ್ಪಡಿಸಲಿ. ಆಮೇಲೆ ನಿಮ್ಮ ಫೋನು ಏನು ಹೇಳುತ್ತದೆ ನೋಡೋಣ," ಎಂದರು.

ಎಂಟು ಜನ ತಟ್ಟೆಯ ಸುತ್ತ ನೆರೆದರು. ಕಿಟಕಿಯ ಹತ್ತಿರದ ಹುಡುಗಿ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಎತ್ತಿ, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಇಟ್ಟಳು. ಇನ್ನೊಬ್ಬ ಬಣ್ಣ ನೋಡಿ ಅದನ್ನೇ ಕಲೆಸಿದ. ಒಬ್ಬ ಒಂದನ್ನು ಬಾಯಿಗೆ ಹಾಕಿಕೊಂಡ. ಕಾಲು ತಾಸಿಗೆ ನಾಲ್ಕು ಗುಂಪುಗಳಾದವು. ಯಾಸೀನ ಫೋನು ಹಿಡಿದ. ಮೊದಲ ಗುಂಪಿಗೆ ಆ ಇಂಗ್ಲಿಷ್ ಹೆಣ್ಣು ಡಿ ಎಂದಿತು. ಎರಡನೆಯದಕ್ಕೆ ಕಲಬೆರಕೆ ಎಂದಿತು. ಮೂರನೆಯದಕ್ಕೂ ಕಲಬೆರಕೆ. ನಾಲ್ಕನೆಯದನ್ನು, ಹುಡುಗರು ಕಸವೆಂದು ಬದಿಗೆ ತಳ್ಳಿದ್ದನ್ನು, ಎ ಎಂದು ಕೊಂಡಾಡಿತು.

"ಯಂತ್ರ ತಪ್ಪೋ, ತಜ್ಞರು ತಪ್ಪೋ?" ಎಂದು ಗೀತಾಂಜಲಿ ಮೆಲ್ಲಗೆ ಕೇಳಿದರು.

ಯಾಸೀನ ಬೆಳಕು, ಕ್ಯಾಮೆರಾ ಎಂದು ಏನೋ ತೊದಲಿದ. ಸುಮಂಗಲಾ ತಟ್ಟೆಯನ್ನೇ ನೋಡುತ್ತಿದ್ದಳು. ಯಂತ್ರ ಒಂದಕ್ಷರವೂ ತಪ್ಪಿರಲಿಲ್ಲ. ಅವ್ವ ಕಲಿಸಿದ್ದನ್ನು ಕಲಿಸಿದ ಹಾಗೇ ಒಪ್ಪಿಸಿತ್ತು. ಎರಡು ವರ್ಷದ ದುಡಿಮೆ ಅದು, ಇಷ್ಟು ಚೆನ್ನಾಗಿ ಅದು ಯಾವತ್ತೂ ಹೇಳಿರಲಿಲ್ಲ. ಮತ್ತೀಗ ಅವಳೇ ತಂದು ಕೂರಿಸಿದ ಎಂಟು ಬೊಂಬೆಗಳ ಮುಂದೆ ಅದು ಸುಳ್ಳುಗಾರನಾಗಿ ನಿಂತಿತ್ತು. ಯಂತ್ರದ ಪರವಾಗಿ ಒಂದು ಮಾತು ಆಡಬೇಕೆಂದರೆ ಮೊದಲು ತಾನು ಸುಳ್ಳುಗಾರಳಾಗಬೇಕು. ಅವಳಿಗೆ ಆ ಫೋನಿನ ಮೇಲೆ, ಜೀವವಿಲ್ಲದ ವಸ್ತುವಿನ ಮೇಲೆ, ಅಯ್ಯೋ ಪಾಪ ಅನ್ನಿಸಿತು.

ಆ ಹೊತ್ತಿಗೇ ಬಾಗಿಲಲ್ಲಿ ಬಳೆಗಳ ಸದ್ದಾಯಿತು. ಮುಂದೆ ಖಂಡಪ್ಪ, ಬೀಗರನ್ನು ಎದುರುಗೊಳ್ಳುವವನ ಗತ್ತಿನಲ್ಲಿ; ಹಿಂದೆ ಚಹಾದ ತಟ್ಟೆ ಹಿಡಿದು ಪರಸವ್ವ; ಅವಳ ಹಿಂದೆ ಅವಲಕ್ಕಿಯ ಡಬ್ಬಿ ಹೊತ್ತ, ಶೆಡ್ಡಿನ ಜೊತೆಗಾತಿ ಮಲಕವ್ವ; ಅವರ ಹಿಂದೆ ಎಂಟರಲ್ಲಿ ಉಳಿದ ಆರು ಹೆಂಗಸರು, ಸೆರಗು ಹೊದ್ದು, ಒಬ್ಬರ ಬೆನ್ನಿಗೊಬ್ಬರು ಅವಿತುಕೊಂಡು. ನೋಡಲು ಬರುವ ದಿನ ಚಹಾ ಮಾಡಲು ಮನೆಯ ಹೆಂಗಸರು ಒಬ್ಬರಾದರೂ ಇರದಿದ್ದರೆ ಮರ್ಯಾದೆಯೇ ಎಂದು ಮಲಕವ್ವ ಎಲ್ಲರನ್ನೂ ಎಬ್ಬಿಸಿಕೊಂಡು ಬಂದಿದ್ದಳು; ಕೆಳಗೆ ಖಂಡಪ್ಪನ ಅಂಗಡಿಯಲ್ಲೇ ಕೂತು ಚಹಾ ಕಳಿಸಿಕೊಟ್ಟು, ಮುಖ ತೋರಿಸದೆ ಬಸ್ಸು ಹತ್ತುವುದೆಂದು ಮಾತಾಗಿತ್ತು. ಖಂಡಪ್ಪ ಕೇಳಿರಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಸುಮಂಗಲಾಳಿಗೆ ಕಂಡದ್ದು ಚಹಾದ ತಟ್ಟೆಯ ಅಂಚು ಹಿಡಿದ ಎರಡು ಕಪ್ಪು ಕೈಗಳು.

"ಇವರು ಯಾರು?" ಎಂದರು ಗೀತಾಂಜಲಿ.

"ಕೆಳಗಿನ ಅಂಗಡಿಗೆ ಬಂದವರು, ಮೇಡಂ."

ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ, ಎಷ್ಟು ಸಲೀಸಾಗಿ, ಎಷ್ಟು ಶುದ್ಧವಾಗಿ ಬಂತೆಂದರೆ ಅಪ್ಪನ ಮಾತಿನಲ್ಲಿದ್ದ ನಡುಕವೂ ಅದರಲ್ಲಿರಲಿಲ್ಲ. ಖಂಡಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಪರಸವ್ವ ಮಗಳ ಮುಖವನ್ನು ಒಂದು ಸಲ ನೋಡಿದಳು, ಅರ್ಧ ಕ್ಷಣ.

"ಹೌದ್ರಿ ಅಕ್ಕಾರ," ಎಂದಳು, ಗೀತಾಂಜಲಿಯ ಕಡೆ ತಿರುಗಿ, ನಗುನಗುತ್ತ. "ಬಾಂವಿ ಪಂಪಿನ ಫುಟವಾಲ ನೋಡಾಕ ಬಂದಿದ್ದಿವ್ರಿ. ಅಂಗಡಿ ಸಾಹುಕಾರ್ರು ಮ್ಯಾಲ ಚಹಾ ಒಯ್ದ ಕೊಡ್ರಿ ಅಂದ್ರು, ತಂದೀವಿ. ತಗೋರಿ, ಆರತೈತಿ."

ಗೀತಾಂಜಲಿ ಚಹಾ ತೆಗೆದುಕೊಂಡರು. ಎಂಟು ಮಂದಿ ಹೆಂಗಸರು ಒಂದು ಫುಟವಾಲ್ ಕೊಳ್ಳಲು ಬರುವುದು ಈ ಕಡೆಯ ಪದ್ಧತಿಯೋ ಏನೋ ಎಂಬಂತೆ ಅವರೇನೂ ಕೇಳಲಿಲ್ಲ. ಪರಸವ್ವ ತಟ್ಟೆ ಹಿಡಿದು ಹೊರಡಲು ತಿರುಗಿದಳು. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಲಕವ್ವನ ಕಣ್ಣು ಮೇಜಿನ ಮೇಲೆ ಬಿದ್ದಿತ್ತು.

"ಯಾವ ಖೋಡಿ ಆರಿಸ್ಯಾನ ಇದನ್ನ?"

ಪರಸವ್ವ ಅವಳ ರಟ್ಟೆ ಚಿವುಟಿದಳು. ಮಲಕವ್ವ ಕೈ ಕೊಡವಿಕೊಂಡಳು. "ಅಲ್ಲ ಪರಸವ್ವ, ನೀನ ನೋಡು ಬೇ. ಬೀಗರ ಮಾಲ ತಗೊಂಡ ಹೋಗಿ ದನದ ಮಾಲಿನಾಗ ಒಗದಾರ. ಕಣ್ಣ ಅದಾವೋ ಇಲ್ಲೋ ಇವಕ್ಕ?" ಎನ್ನುತ್ತಲೇ ಡಬ್ಬಿ ಕೆಳಗಿಟ್ಟು, ನಾಲ್ಕೂ ಗುಂಪನ್ನು ಒಂದೇ ಸಲಕ್ಕೆ ಕಲೆಸಿ, ಕೈ ಹಾಕಿದಳು. ಉಳಿದವರ ಕೈಗಳೂ ಬಂದವು. ಯಾರೂ ಯಾರನ್ನೂ ಕರೆಯಲಿಲ್ಲ. ಒಣದ್ರಾಕ್ಷಿಯ ರಾಶಿ ಕಂಡಲ್ಲಿ ಅವರ ಕೈ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಅವರು ಕಾಳನ್ನು ನೋಡುತ್ತಲೂ ಇರಲಿಲ್ಲ. ಹೆಬ್ಬೆರಳಲ್ಲಿ ಒಮ್ಮೆ ಉರುಳಿಸಿ, ಒಮ್ಮೆ ಅಮುಕಿ, ಅಂಟು ನೋಡಿ, ಎಸೆಯುತ್ತಿದ್ದರು. ಶೆಡ್ಡಿನಲ್ಲಿ ಜಾತಿ ನೋಡಿ ಮಲಕವ್ವನ ಮನೆಯವರಿಗೆ ಒಂದು ನೀರಿನ ಕೊಡ, ತಮ್ಮವರಿಗೆ ಬೇರೊಂದು ಕೊಡ ಇಡುತ್ತಿದ್ದ ಕಾಲದಲ್ಲೂ ರಾಶಿಯ ಸುತ್ತ ಕೈಗಳು ಹೀಗೇ ಬೆರೆಯುತ್ತಿದ್ದವೆಂದು ಅವ್ವ ಹೇಳಿದ್ದುಂಟು. ಎರಡು ನಿಮಿಷವೂ ಆಗಿರಲಿಲ್ಲ. ಯಾಸೀನ ತಡೆಯಲಾರದೆ ಫೋನು ಹಿಡಿದ. ಎ. ಬಿ. ಸಿ. ಡಿ. ಒಂದೂ ತಪ್ಪಲಿಲ್ಲ.

ಗೀತಾಂಜಲಿ ಚಹಾ ಕೆಳಗಿಟ್ಟರು. "ಫುಟವಾಲ್ ಕೊಳ್ಳಲು ಬಂದವರಿಗೆ ಇದೆಲ್ಲ ಹೇಗೆ ಗೊತ್ತು?"

"ನಮ್ಮ ಕಡೆ ಎಲ್ಲಾರಿಗೂ ಬರ್ತೈತ್ರಿ," ಎಂದಳು ಪರಸವ್ವ ತಕ್ಷಣ. ಮಗಳ ಸುಳ್ಳಿಗೆ ಆಕೆ ಇನ್ನೂ ಆಸರೆಯಾಗಿ ನಿಂತಿದ್ದಳು, ದಣಿಯದೆ, ನಗುಮುಖದಿಂದ. ಅದನ್ನು ಮಾತ್ರ ಸುಮಂಗಲಾಳಿಗೆ ತಾಳಲಾಗಲಿಲ್ಲ. ಬೈದಿದ್ದರೆ, ಅತ್ತಿದ್ದರೆ, ಮುಖ ತಿರುವಿಕೊಂಡು ಹೋಗಿದ್ದರೆ ಅವಳು ಇನ್ನೂ ಹತ್ತು ವರ್ಷ ಹೀಗೇ ನಯವಾಗಿ ಮಾತಾಡಿಕೊಂಡಿರಬಹುದಿತ್ತು.

"ಇಕಿ ನಮ್ಮವ್ವ ರೀ," ಎಂದಳು. ದನಿ ಒಡೆಯಿತು, ಒಡೆಯಲಿ ಎಂದುಕೊಂಡಳು. "ಪರಸವ್ವ. ಪಂಪು ಇಲ್ಲ ಏನಿಲ್ರಿ, ನಮಗ ಬಾಂವಿನ ಇಲ್ಲ. ಫಾರ್ಮಿನ್ಯಾಗ ನಾ ಬರದ ಎಂಟ ಮಂದಿ ಇವ್ರೇ. ಫೋನಿಗಿ ಕಲಿಸಿದಾವ್ರು ಇವ್ರು. ಕುರ್ಚಿ ಮ್ಯಾಲ ಕುಂತಾವ್ರು ಯಾರ ಅಂತ ನನಗ ಖರೇನ ಗೊತ್ತಿಲ್ರಿ. ನನಗ ನಾಚಿಕಿ ಬಂತು, ಅದಕ್ಕ ಇವ್ರನ್ನ ಬರಬ್ಯಾಡ್ರಿ ಅಂದೆ. ಈಗ ಅದಕ್ಕೂ ನಾಚಿಕಿ ಆಗೇತಿ."

ಕಿಟಕಿಯ ಹತ್ತಿರದ ಹುಡುಗಿ ಕೊರಳಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು, "ನಮ್ದು ಹನ್ನೆರಡಕ್ಕ ಟೆಸ್ಟ್ ಐತ್ರಿ ಸರ್, ಹೋಗಬಹುದೇನ್ರಿ?" ಎಂದು ಯಾಸೀನನನ್ನು ಕೇಳಿದಳು. ಮೊದಲು ನಕ್ಕದ್ದು ಗೀತಾಂಜಲಿ. ಆಮೇಲೆ ಖಂಡಪ್ಪ. ಎಂಟು ಜನ ದಡಬಡ ಮೆಟ್ಟಿಲಿಳಿದು ಹೋದರು. ಕುರ್ಚಿಗಳು ಖಾಲಿಯಾದವು, ಹೆಂಗಸರು ಅವುಗಳತ್ತ ನೋಡಲೂ ಇಲ್ಲ. ಮಲಕವ್ವ ಸೀದಾ ಫಿಲ್ಟರಿನ ಹಿಂದೆ ಹೋಗಿ ಜಮಖಾನೆ ಎಳೆದು ಹಾಸಿದಳು. ಗೀತಾಂಜಲಿ ಕುರ್ಚಿಯಿಂದಿಳಿದು ಅದರ ಮೇಲೆ ಕೂತು, ಮಡಿಲಲ್ಲಿ ಅರ್ಜಿಯನ್ನು ತೆರೆದರು.

"ಹಾಗಾದರೆ ಬರೆದದ್ದರಲ್ಲಿ ಸುಳ್ಳಿರಲಿಲ್ಲ. ನೀವದನ್ನು ಇವತ್ತು ಸುಳ್ಳು ಮಾಡಲು ಹೊರಟಿದ್ದಿರಿ," ಎಂದರು. ಗದರಿಸುವ ದನಿಯಲ್ಲ, ಬಿಟ್ಟುಕೊಡುವ ದನಿಯೂ ಅಲ್ಲ. "ಹದಿನಾಲ್ಕನೆಯ ಪ್ರಶ್ನೆಗೆ ನೀವು ವಿಮಾನದ ಬಗ್ಗೆ ಬರೆದಿದ್ದೀರಿ. ಅದನ್ನು ಬಿಡಿ. ಈ ನಗರವೇ ಏಕೆ?"

ಸುಮಂಗಲಾಳಿಗೆ ಹೊಳೆದದ್ದು ಕಳೆದ ವಾರದ ಒಂದು ಮಧ್ಯಾಹ್ನ. ಜೈನಾಪುರದ ಮಲ್ಲಿನಾಥನೆಂಬ ರೈತ ಒಂದು ಚೀಲ ಒಣದ್ರಾಕ್ಷಿ ಹೊತ್ತು ತಂದು ಇದೇ ಮೇಜಿನ ಮೇಲೆ ಸುರಿದು, ಯಾವ ಬಾಯಿಂದ ಇದನ್ನು ದನದ ಮಾಲು ಅಂದಿರಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ. ಯಾಸೀನ ಬೆವರುತ್ತ ನೋಡಿದರೆ, ಇಳಿಹೊತ್ತಿನ ಹಳದಿ ಬೆಳಕಿಗೆ ಕ್ಯಾಮೆರಾ ಮೋಸ ಹೋಗಿತ್ತು. ಸಂಜೆಯೊಳಗೆ ಸರಿಯಾಯಿತು. ಮಲ್ಲಿನಾಥ ಸುರಿದ ದ್ರಾಕ್ಷಿಯಲ್ಲಿ ಒಂದು ಬೊಗಸೆ ಅಲ್ಲೇ ಬಿಟ್ಟು, ಕೊನೆಯ ಬಬಲೇಶ್ವರ ಬಸ್ಸಿಗೆ ಹೋಗಿದ್ದ.

"ಇಲ್ಲಿ ನಮ್ಮದು ತಪ್ಪಾದ್ರ ಮರದಿನಾನ ಬಸ್ಸ ಹತ್ತಿ ಬಂದು ಬೈದ ಹೋಗ್ತಾರ್ರಿ," ಎಂದಳು. "ದ್ರಾಕ್ಷಿ ಬೆಳ್ಯಾವ್ರು, ಆರಸಾವ್ರು, ಮಾರಾವ್ರು, ಎಲ್ಲಾರೂ ಒಂದ ತಾಸಿನ ದಾರ್ಯಾಗ ಅದಾರ. ಬೈಯಾಕೂ ಬರ್ತಾರ, ಕಲಿಸಾಕೂ ಬರ್ತಾರ. ದೂರದಾಗಿದ್ರ ಸುಮ್ನ ಫೋನಿನ್ಯಾಗಿಂದ ನಮ್ಮನ್ನ ತಗದ ಒಗೀತಿದ್ರು, ನಮಗ ಗೊತ್ತ ಆಗ್ತಿದ್ದಿಲ್ಲ."

ಗೀತಾಂಜಲಿ ಅದನ್ನು ಬರೆದುಕೊಂಡರು, ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡರು. "ನನಗೆ ಒಪ್ಪಿಗೆಯಿದೆ," ಎಂದರು. "ಆದರೆ ನಮ್ಮ ಸಂಸ್ಥೆಯದೊಂದು ಷರತ್ತಿದೆ. ಆರು ತಿಂಗಳೊಳಗೆ ಆಫೀಸು ಬೆಂಗಳೂರಿಗೆ ಬರಬೇಕು. ಅಲ್ಲಿ ಎಂಜಿನಿಯರುಗಳಿದ್ದಾರೆ, ಸಲಹೆಗಾರರಿದ್ದಾರೆ. ಈ ಷರತ್ತು ನಾನು ಮಾಡಿದ್ದಲ್ಲ. ಸಂಜೆಯೊಳಗೆ ನೀವೊಂದು ಮಾತು ಹೇಳಿದರೆ ಮುಂದಿನದು ನೋಡಬಹುದು."

ಒಂದು ತಿಂಗಳಿನಿಂದ ಕಾಯುತ್ತಿದ್ದ ಹೂಂ ಎನ್ನುವ ಮಾತು ಮಡಿಲಿಗೇ ಬಂದು ಬಿದ್ದಿತ್ತು. ಸುಮಂಗಲಾ ಯಾಸೀನನನ್ನು ನೋಡಿದಳು; ಅವನು ನೆಲ ನೋಡಿದ. ಮಾತಾಡಿದ್ದು ಪರಸವ್ವ. ಅವಲಕ್ಕಿಯ ತಟ್ಟೆಯನ್ನು ಗೀತಾಂಜಲಿಯ ಮುಂದೆ ಸರಿಸುತ್ತ, ಪಕ್ಕದ ಮನೆಯ ವಿಷಯ ವಿಚಾರಿಸುವವಳಂತೆ ಕೇಳಿದಳು.

"ನಿಮ್ಮ ಊರಾಗ ದ್ರಾಕ್ಷಿ ಶೆಡ್ ಅದಾವೇನ್ರಿ?"

"ಶೆಡ್ಡಿಲ್ಲ. ದೊಡ್ಡ ಆಫೀಸಿದೆ."

"ಕುರ್ಚಿ ಎಷ್ಟ ಅದಾವ್ರಿ?"

"ಇನ್ನೂರಿರಬಹುದು."

"ಯವ್ವಾ!" ಎಂದಳು ಮಲಕವ್ವ.

"ಸಂಜಿಕ ಹೇಳಾಕ ಆಗೂದಿಲ್ರಿ ಅಕ್ಕಾರ," ಎಂದಳು ಪರಸವ್ವ. "ನೀವು ಬಂದ್ರಿ, ನೋಡಿದ್ರಿ, ನಿಮಗ ಮನಸಿಗಿ ಬಂತು, ಭಾಳ ಸಂತೋಷ. ಆದ್ರ ಅದು ನಿಮ್ಮ ಕಡೀದು ಆತು. ಹೆಣ್ಣಿನ ಕಡ್ಯಾವ್ರು ಒಂದಸಲ ಹೋಗಿ ಗಂಡಿನ ಮನಿ ನೋಡಿ ಬರಬೇಕಲ್ರಿ? ನೀರ ಹ್ಯಾಂಗೈತಿ, ಮಂದಿ ಹ್ಯಾಂಗದಾರ, ನಮ್ಮ ಕೂಸಿಗಿ ಹೊತ್ತಿಗಿ ಸರಿಯಾಗಿ ಉಣ್ಣಾಕ ಹಾಕ್ತಾರೋ ಇಲ್ಲೋ. ನೋಡಲಾರದ ಹ್ಯಾಂಗ ಹೂಂ ಅನ್ನೂದು? ಒಣದ್ರಾಕ್ಷಿ ಸೀಜನ್ ಮುಗೀಲಿ, ನಾವು ಎಂಟೂ ಮಂದಿ ಬರ್ತೀವಿ. ಮನಿ ಪಸಂದ ಬಿದ್ರ ಸರಿ. ಬೀಳಲಿಲ್ಲಂದ್ರ ಕೂಸು ಇಲ್ಲೇ ಇರ್ತೈತಿ, ನೀವ ಬಂದು ಹೋಗಿ ಮಾಡ್ರಿ."

ಖಂಡಪ್ಪ ಜೋರಾಗಿ ತಲೆಯಾಡಿಸಿದ. ಗೀತಾಂಜಲಿ ನಗಲಿಲ್ಲ. ಸುಮಂಗಲಾಳ ಕಡೆ ತಿರುಗಿ, "ಇದೇ ನಿಮ್ಮ ಉತ್ತರವೇ?" ಎಂದು ಕೇಳಿದರು. ಸುಮಂಗಲಾಳಲ್ಲಿ ಕೈಗೆ ಬಂದದ್ದು ಬಾಯಿಗೆ ಬರದೆ ಹೋಗಬಹುದು ಎನ್ನುವ ಹೆದರಿಕೆ ಇತ್ತು. ಆ ಹೆದರಿಕೆಯ ಪಕ್ಕದಲ್ಲೇ, ಎಷ್ಟೋ ವರ್ಷದ ಮೇಲೆ, ಯಾರೆದುರೂ ಬೆನ್ನು ಬಾಗಿಸಬೇಕಾಗಿಲ್ಲದ ಒಂದು ಸುಖವೂ ಇತ್ತು.

"ಹೌದ್ರಿ," ಎಂದಳು. "ನೋಡಿ ಹೇಳ್ತೀವ್ರಿ."

ಗೀತಾಂಜಲಿ ಫೋನು ತೆಗೆದು ತಾರೀಕು ನೋಡತೊಡಗಿದರು. ಮೇ ಮೊದಲನೆಯ ವಾರ, ರಾತ್ರಿ ರೈಲಿಗೆ ಹೊರಟರೆ ಬೆಳಿಗ್ಗೆ ಅಲ್ಲಿ. ಷರತ್ತು ಮಾಡಿದವರನ್ನೂ ಅವತ್ತೇ ಕರೆಸುತ್ತೇನೆ, ಅವರಿಗೂ ನಿಮ್ಮನ್ನು ನೋಡಿದ ಹಾಗಾಗುತ್ತದೆ, ಎಂದರು. "ಎಂಟು ಜನರ ಜೊತೆ ಸುಮಂಗಲಾ, ಒಟ್ಟು ಒಂಬತ್ತು ಟಿಕೆಟ್ ಅಲ್ಲವೇ?"

"ಎಂಟ ರೀ," ಎಂದಳು ಪರಸವ್ವ. ಮಗಳ ಕಡೆ ತಿರುಗಿದಳು, ಸೆರಗಿನ ತುದಿಯಲ್ಲಿ ನಗು ಒರೆಸಿಕೊಳ್ಳುತ್ತ. "ಮನಿ ನೋಡಾಕ ಹೋಗೂ ಮುಂದ ಕನ್ಯಾನ ಕರ್ಕೊಂಡ ಹೋಗೂದಿಲ್ಲ. ನೀ ಬರಬ್ಯಾಡವಾ."

ಸುಮಂಗಲಾಳ ಮುಖ ಕಿವಿಯವರೆಗೆ ಕೆಂಪಾಯಿತು. "ಆತ ಬೇ," ಎಂದಳು.